ಬಾರ್ಬಡೋಸಿಗೆ ನಾಲ್ಕು ದಿನ: ಮೊದಲು ಕರಾವಳಿ, ಆಮೇಲೆ ಹೋಟೆಲು

ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಯ ಕನ್ನಡದ ಮನೆಗಳಿಗೆ ರಜೆಯ ಪ್ರವಾಸ ಹೊಂದಿಸಿಕೊಡುವುದು ನನ್ನ ಕಸುಬು. "ಬೀಚ್ ಇರೋ ಸಣ್ಣ ಐಲ್ಯಾಂಡ್, ನಾಲ್ಕೇ ದಿನ, ಜಾಸ್ತಿ ತಲೆನೋವು ಬೇಡ ಅಕ್ಕಾ" ಅಂತ ಫೋನ್ ಬಂದರೆ ನನ್ನ ಬಾಯಲ್ಲಿ ಮೊದಲು ಬರುವ ಹೆಸರು ಬಾರ್ಬಡೋಸ್. ಉದ್ದ 34 ಕಿಲೋಮೀಟರ್, ಅಗಲ 23; ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕದು. ನ್ಯೂಯಾರ್ಕಿನಿಂದ ಐದು ಗಂಟೆಯೊಳಗೆ ನೇರ ವಿಮಾನ. ಇಂಗ್ಲಿಷ್ ಮಾತು, ಕ್ರಿಕೆಟ್ ಹುಚ್ಚು, ನಲ್ಲಿಯ ನೀರನ್ನೇ ಕುಡಿಯಬಹುದು. ಇಷ್ಟೆಲ್ಲ ಅನುಕೂಲವಿದ್ದೂ ಈ ಪ್ರವಾಸವನ್ನು ಕೆಡಿಸಿಕೊಂಡು ಬರುವವರು ಇದ್ದಾರೆ. ಅವರಿಗಾಗಿ ಈ ಪಾಠಗಳು.

1. ಹೋಟೆಲ್ ಹುಡುಕುವ ಮೊದಲು ಕರಾವಳಿ ಆರಿಸಿ

ದ್ವೀಪ ಸಣ್ಣದು, ಎಲ್ಲಿ ಉಳಿದರೇನು ಅನ್ನುವವರೇ ಹೆಚ್ಚು. ಆದರೆ ಈ ದ್ವೀಪಕ್ಕೆ ಎರಡು ಸಮುದ್ರ. ಪಶ್ಚಿಮಕ್ಕೆ ಕೆರಿಬಿಯನ್ ಕಡಲು: ಹೋಲ್‌ಟೌನ್‌ನಿಂದ ಸ್ಪೈಟ್ಸ್‌ಟೌನ್‌ವರೆಗೆ ಬಹುತೇಕ ದಿನ ಅಲೆಯೇ ಇಲ್ಲವೆನ್ನುವಷ್ಟು ಶಾಂತ, ತಿಳಿನೀಲಿ, ಬೆಲೆ ಮಾತ್ರ ಮುಗಿಲು. ಪೂರ್ವಕ್ಕೆ ಅಟ್ಲಾಂಟಿಕ್. ಅಲ್ಲಿಂದ ನೇರ ಪೂರ್ವಕ್ಕೆ ಹೊರಟರೆ ಆಫ್ರಿಕಾದವರೆಗೆ ಅಡ್ಡ ಬರುವ ನೆಲವಿಲ್ಲ. ಅಷ್ಟು ದೂರದಿಂದ ಓಡಿ ಬಂದ ಅಲೆ ಬಾತ್‌ಶೀಬಾದ ಬಂಡೆಗಳಿಗೆ ಅಪ್ಪಳಿಸುತ್ತದೆ. ಅಲ್ಲಿನ 'ಸೂಪ್ ಬೋಲ್' ಸರ್ಫಿಂಗ್ ಮಾಡುವವರಿಗೆ ಸ್ವರ್ಗ, ಈಜುವವರಿಗೆ ಅಪಾಯ. ಎರಡರ ನಡುವಿನದು ದಕ್ಷಿಣ: ರಾಕ್ಲಿ, ಡೋವರ್, ಮಯಾಮಿ ಬೀಚ್. ಸ್ವಲ್ಪ ಅಲೆ, ಸ್ವಲ್ಪ ಗದ್ದಲ, ನಡೆದು ಹೋಗುವಷ್ಟು ಹತ್ತಿರದಲ್ಲಿ ಊಟ, ರಸ್ತೆಗೆ ಬಂದರೆ ಬಸ್ಸು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ದಕ್ಷಿಣವೇ. ಚಿಕ್ಕ ಮಕ್ಕಳಿದ್ದರೆ, ಅಥವಾ ಜೊತೆಗೆ ಬಂದ ಅತ್ತೆ ಮಾವ ಮೊಣಕಾಲುದ್ದ ನೀರಲ್ಲಿ ನಿಲ್ಲುವ ಆಸೆಯವರಾದರೆ ಪಶ್ಚಿಮ. ಚಳಿಗಾಲದಲ್ಲಿ ಉತ್ತರದ ಕಡಲಿನಿಂದ ದೊಡ್ಡ ಅಲೆಗಳ ಸಾಲು ಬಂದಾಗ ಪಶ್ಚಿಮವೂ ಒಂದೆರಡು ದಿನ ಮುನಿಸಿಕೊಳ್ಳುವುದುಂಟು. ಆಗ ದಡದ ಬಾವುಟ ನೋಡಿ, ಲೈಫ್‌ಗಾರ್ಡ್ ಹೇಳಿದ ಹಾಗೆ ಕೇಳಿ. ಪೂರ್ವಕ್ಕೆ ಒಂದು ಹಗಲು ಹೋಗಿ ಬನ್ನಿ. ಅಣಬೆಯ ಆಕಾರಕ್ಕೆ ಸವೆದ ಬಂಡೆಗಳು, ನಡುವೆ ಕೂತು ಮೈ ನೆನೆಸಿಕೊಳ್ಳಲು ಕಲ್ಲುಗುಂಡಿಗಳು, ಎಲ್ಲ ಸರಿ. ಉಳಿಯಲು ಬೇಡ.

ಹೋಟೆಲಿನ ಫೋಟೋ ಹೇಳದ ಇನ್ನೊಂದು ಸಂಗತಿ ಸಾರ್ಗ್ಯಾಸಮ್ ಅನ್ನುವ ಕಂದು ಕಡಲಪಾಚಿ. 2011ರಿಂದೀಚೆಗೆ ಅಟ್ಲಾಂಟಿಕ್ ಕಡೆಯಿಂದ ರಾಶಿ ರಾಶಿಯಾಗಿ ತೇಲಿ ಬಂದು ದಡದಲ್ಲಿ ಕೊಳೆಯುತ್ತದೆ; ವಾಸನೆ ಕೊಳೆತ ಮೊಟ್ಟೆಯದು. ಹೆಚ್ಚಿನ ಏಟು ಪೂರ್ವ ಮತ್ತು ಆಗ್ನೇಯಕ್ಕೆ. ಆ ಕಡೆಯ ಕ್ರೇನ್ ಬೀಚಿನ ಚೆಲುವಿಗೆ ಮರುಳಾಗಿ ಬುಕ್ ಮಾಡುವವರು, ಹೊರಡುವ ವಾರ ಬೇರೆ ಪ್ರವಾಸಿಗರು ಹಾಕಿದ ಹೊಸ ಚಿತ್ರಗಳನ್ನು ನೋಡಿಕೊಳ್ಳಿ.

ಅಂದಹಾಗೆ, ಇಲ್ಲಿನ ಕಡಲದಂಡೆಗಳೆಲ್ಲ ಸಾರ್ವಜನಿಕ. ಸಾವಿರ ಡಾಲರಿನ ಕೋಣೆಯ ಮುಂದಿನ ಮರಳಿನ ಮೇಲೂ ನಿಮ್ಮ ಟವೆಲ್ ಹಾಸಬಹುದು. ಕುರ್ಚಿ ಮಾತ್ರ ಅವರದು.

2. ಬಾರ್ಬಡೋಸ್ ವೀಸಾ ಕೇಳುವುದಿಲ್ಲ, ಅಮೆರಿಕ ಕೇಳುತ್ತದೆ

ಭಾರತದ ಪಾಸ್‌ಪೋರ್ಟ್ ಇದ್ದವರು ಪ್ರವಾಸಕ್ಕೆ ವೀಸಾ ಇಲ್ಲದೆ ಬಾರ್ಬಡೋಸಿಗೆ ಇಳಿಯಬಹುದು. ತೊಡಕೇನಿದ್ದರೂ ವಾಪಸು ಬರುವಾಗ. ಎಚ್-1ಬಿ ಎಕ್ಸ್‌ಟೆನ್ಷನ್ ಕಾಗದ ಕೈಯಲ್ಲಿದೆ, ಆದರೆ ಪಾಸ್‌ಪೋರ್ಟಿನಲ್ಲಿರುವ ಸ್ಟ್ಯಾಂಪಿನ ಅವಧಿ ಮುಗಿದಿದೆ: ನಮ್ಮವರಲ್ಲಿ ಇಂಥವರು ಬಹಳ. ಸ್ಟ್ಯಾಂಪ್ ಮುಗಿದಿದ್ದರೂ ಮೂವತ್ತು ದಿನದೊಳಗೆ ಹೋಗಿ ಬರಲು ಅವರಿಗಿರುವ ರಿಯಾಯಿತಿ ಕೆನಡಾ ಮತ್ತು ಮೆಕ್ಸಿಕೋಗೆ ಮಾತ್ರ. ಓದುವ ಮಕ್ಕಳ ಎಫ್-1ಕ್ಕೆ ಕೆರಿಬಿಯನ್ ದ್ವೀಪಗಳೂ ಸೇರುತ್ತವೆ; ಅದನ್ನು ಕೇಳಿಸಿಕೊಂಡು "ನಮಗೂ ಆಗುತ್ತಂತೆ" ಅಂತ ಟಿಕೆಟ್ ತೆಗೆಯುವವರಿದ್ದಾರೆ. ಆಗುವುದಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ನಡುದಾರಿಯಲ್ಲಿದ್ದರೆ ಮೊದಲು ವಕೀಲರಿಗೆ ಫೋನ್ ಮಾಡಿ, ಆಮೇಲೆ ಏರ್‌ಲೈನಿಗೆ.

ಕಾಗದ ಸರಿಯಿಲ್ಲದವರನ್ನು ನಾನು ಪೋರ್ಟೊ ರಿಕೊದ ಕುಲೇಬ್ರಾ ದ್ವೀಪಕ್ಕೆ ಕಳಿಸುತ್ತೇನೆ. ಅಮೆರಿಕದ್ದೇ ನೆಲವಾದ್ದರಿಂದ ಹೊಸ ವೀಸಾದ ಪ್ರಶ್ನೆ ಬರುವುದಿಲ್ಲ. ಅಲ್ಲಿನ ಫ್ಲಮೆಂಕೊ ಬೀಚ್ ಬಾರ್ಬಡೋಸಿನ ಯಾವ ಬೀಚಿಗೂ ಸೋಲುವುದಿಲ್ಲ.

ಬೆಂಗಳೂರಿನಿಂದಲೇ ಹೊರಡುವವರು ಸಾಮಾನ್ಯವಾಗಿ ಲಂಡನ್ ದಾರಿ ಹಿಡಿಯುತ್ತಾರೆ. ಅಲ್ಲಿಂದ ಮತ್ತೆ ಒಂಬತ್ತು ಗಂಟೆ ಹತ್ತಿರ ಹಾರಾಟ. ಟ್ರಾನ್ಸಿಟ್ ವೀಸಾ ಬೇಕೋ ಬೇಡವೋ ಮೊದಲೇ ನೋಡಿಕೊಳ್ಳಿ. ನಾಲ್ಕು ದಿನದ ಬೀಚಿಗಾಗಿ ಅಷ್ಟು ದೂರ ಹೋಗುವುದಕ್ಕಿಂತ ಗೋಕರ್ಣಕ್ಕೆ ಹೋಗಿ ಅಂತ ನಾನು ಹೇಳಿದ್ದೂ ಇದೆ. ನನ್ನ ಕಸುಬಿಗೆ ಅದರಿಂದ ಲಾಭವಿಲ್ಲ.

3. ತಿಂಗಳು ನೋಡಿ, ಬೆರಿಲ್ ನೆನಪಿಡಿ

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಬಿಸಿಲು ಹಿತ, ಮಳೆ ಕಡಿಮೆ, ಕೋಣೆಯ ಬಾಡಿಗೆ ವಿಪರೀತ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ದ್ವೀಪಗಳ ಸರಪಳಿಯಿಂದ ಪೂರ್ವಕ್ಕೆ ಹೊರಚಾಚಿ ಕೂತಿರುವ ಬಾರ್ಬಡೋಸಿಗೆ ನೇರ ಏಟು ಅಪರೂಪ. ಊರಿನ ಹಿರಿಯರು ಇವತ್ತಿಗೂ ಲೆಕ್ಕ ಹೇಳುವುದು 1955ರ ಜ್ಯಾನೆಟ್ ಚಂಡಮಾರುತದಿಂದ. ಆದರೆ ನೇರ ಏಟು ಬೀಳದಿದ್ದರೂ ಪ್ರವಾಸ ಕೆಡುತ್ತದೆ ಅನ್ನುವುದಕ್ಕೆ ಇಡೀ ಭಾರತವೇ ಸಾಕ್ಷಿ. 2024ರ ಜೂನ್ 29ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ನಾವು ಟಿ20 ವಿಶ್ವಕಪ್ ಗೆದ್ದೆವು, ಭಾರತ ತಂಡದ ಕೋಚ್ ಆಗಿ ರಾಹುಲ್ ದ್ರಾವಿಡ್ ಅವರ ಕೊನೆಯ ಪಂದ್ಯ ಅದು. ಜುಲೈ 1ಕ್ಕೆ ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ವಿಮಾನ ನಿಲ್ದಾಣ ಮುಚ್ಚಿತು, ಕಪ್ ಗೆದ್ದವರೆಲ್ಲ ಹೋಟೆಲಿನಲ್ಲೇ ಕೂತರು. ಕೊನೆಗೆ ವಿಶೇಷ ವಿಮಾನ ಹೋಗಿ ಅವರನ್ನು ಕರೆತಂದಾಗ ಜುಲೈ 4. ಇತ್ತ ಬಾರ್ಬಡೋಸಿನ ಮೀನುಗಾರರ ದೋಣಿಗಳು ಬಂದರಿನಲ್ಲೇ ಒಂದಕ್ಕೊಂದು ಬಡಿದು ಪುಡಿಯಾಗಿದ್ದವು.

ನಿಮಗೆ ವಿಶೇಷ ವಿಮಾನ ಬರುವುದಿಲ್ಲ. ಆ ಕಾಲದಲ್ಲಿ ಹೋಗುವುದಾದರೆ ಕೊನೆಗೊಂದು ದಿನ ಖಾಲಿ ಇಟ್ಟುಕೊಳ್ಳಿ, ಪ್ರವಾಸದ ವಿಮೆಯನ್ನು ಟಿಕೆಟ್ ಜೊತೆಗೇ ಕೊಳ್ಳಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಬಿರುಗಾಳಿಯ ನಷ್ಟಕ್ಕೆ ದುಡ್ಡು ಕೊಡುವುದಿಲ್ಲ. ನನ್ನ ಇಷ್ಟದ ಸಮಯ ಡಿಸೆಂಬರಿನ ಮೊದಲ ಹತ್ತು ದಿನ: ಚಂಡಮಾರುತದ ಕಾಲ ಮುಗಿದಿರುತ್ತದೆ, ಕ್ರಿಸ್‌ಮಸ್ ದರ ಇನ್ನೂ ಶುರುವಾಗಿರುವುದಿಲ್ಲ.

4. ಕತ್ತಲು ಬೇಗ ಬರುತ್ತದೆ

ಬ್ರಿಜ್‌ಟೌನ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು ಮಂಗಳೂರುಗಳ ಸಾಲಿನಲ್ಲೇ. ನ್ಯೂಜೆರ್ಸಿಯ ಬೇಸಿಗೆಯಲ್ಲಿ ರಾತ್ರಿ ಎಂಟೂವರೆಯವರೆಗೆ ಬೆಳಕು ಕಂಡು ರೂಢಿಯಾದವರು ಇಲ್ಲೂ ಅದೇ ಲೆಕ್ಕ ಹಾಕುತ್ತಾರೆ. ಜೂನ್‌ನಲ್ಲೂ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ನವೆಂಬರಿನಲ್ಲಿ ಐದೂವರೆಗೇ. ಮುಸ್ಸಂಜೆಯೂ ನಮ್ಮೂರಿನ ಹಾಗೆ ಚುಟುಕು. ಆದ್ದರಿಂದ ಬೆಳಿಗ್ಗೆ ಬೇಗ ಏಳುವವರಿಗೇ ಈ ದ್ವೀಪ ಒಲಿಯುವುದು. ಆರು ಗಂಟೆ ಸುಮಾರಿಗೆ ಕಾರ್ಲೈಲ್ ಬೇ ಕೊಲ್ಲಿಗೆ ಹೋಗಿ. ಹತ್ತಿರದ ಗ್ಯಾರಿಸನ್ ಮೈದಾನದ ರೇಸ್ ಕುದುರೆಗಳನ್ನು ಪೆಬಲ್ಸ್ ಬೀಚಿನಲ್ಲಿ ಕಡಲಿಗಿಳಿಸಿ ಮೈ ತೊಳೆಸುತ್ತಾರೆ. ಅದೇ ಕೊಲ್ಲಿಯಲ್ಲಿ ಮುಳುಗಿದ ಹಳೆಯ ಹಡಗುಗಳ ಮೇಲೆ ಸ್ನಾರ್ಕೆಲ್ ಹಾಕಿಕೊಂಡು ತೇಲಬಹುದು, ಕಡಲಾಮೆಗಳೂ ಸಿಗುತ್ತವೆ. ಒಂಬತ್ತಾದರೆ ಪ್ರವಾಸಿ ದೋಣಿಗಳ ಸಂತೆ.

ಬಿಸಿಲಿನ ಬಗ್ಗೆ ಒಂದು ಮಾತು. ವರ್ಷವಿಡೀ ಪೂರ್ವದಿಂದ ಬೀಸುವ ಗಾಳಿ ಉರಿ ತಿಳಿಯಗೊಡುವುದಿಲ್ಲ. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ ಅಂದ ಭಾವಯ್ಯಂದಿರ ಬೆನ್ನಿನ ಸಿಪ್ಪೆ ಏಳುವುದನ್ನು ನಾನು ಕಂಡಿದ್ದೇನೆ.

5. ಯಾವ ಡಾಲರ್ ಅಂತ ಕೇಳಿ

ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್; 1975ರಿಂದ ಇದೇ ದರ. ಚಿಹ್ನೆ ಎರಡಕ್ಕೂ ಒಂದೇ. ಮೆನು, ಟ್ಯಾಕ್ಸಿ, ದೋಣಿ, ಎಲ್ಲ ಕಡೆ ಕೇಳಿಯೇ ಮಾತು ಮುಗಿಸಿ. ಹೋಟೆಲಿನ ದರದ ಮೇಲೆ ತೆರಿಗೆ, ರೂಮ್ ಲೆವಿ, ಸರ್ವಿಸ್ ಚಾರ್ಜ್ ಎಲ್ಲ ಕೂಡಿಸಿದ ಮೊತ್ತವನ್ನು ಬರೆಸಿಕೊಳ್ಳಿ.

6. ನಾಲ್ಕರಲ್ಲಿ ಒಂದೇ ದಿನ ಕಾರು

ಕಾರು ಎಡಕ್ಕೇ ಓಡುತ್ತದೆ, ಸ್ಟೀರಿಂಗ್ ಬಲಕ್ಕೆ. ಊರಿನಲ್ಲಿ ಗಾಡಿ ಕಲಿತವರ ಕೈಗೆ ಹಳೆಯ ಅಭ್ಯಾಸ ಹತ್ತು ನಿಮಿಷದಲ್ಲಿ ಮರಳುತ್ತದೆ. ಕಷ್ಟ ಬೇರೆ ಕಡೆ ಇದೆ. ಒಳರಸ್ತೆಗಳು ಕಬ್ಬಿನ ಗದ್ದೆಗಳ ನಡುವೆ ಇಕ್ಕಟ್ಟಾಗಿ ಹೋಗುತ್ತವೆ, ಬ್ರಿಜ್‌ಟೌನ್ ಸುತ್ತಲಿನ ಹೆದ್ದಾರಿ ಸಂಜೆ ಕಟ್ಟಿಕೊಳ್ಳುತ್ತದೆ. 20 ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಒಂದು ದಿನ ಕಾರು ತೆಗೆದುಕೊಂಡು ಬಾತ್‌ಶೀಬಾ, ಚೆರಿ ಟ್ರೀ ಹಿಲ್, ಸುಣ್ಣಕಲ್ಲಿನ ಹ್ಯಾರಿಸನ್ಸ್ ಗುಹೆ ನೋಡಿ ಬಿಡಿ. ಉಳಿದ ದಿನಗಳಿಗೆ ಬಸ್ಸು ಸಾಕು.

ಬಸ್ಸಿನಲ್ಲಿ ಮೂರು ಬಗೆ: ಸರ್ಕಾರದ ನೀಲಿ, ಖಾಸಗಿಯ ಹಳದಿ, 'ಝೆಡ್ ಆರ್' ಅನ್ನುವ ಬಿಳಿ ವ್ಯಾನು. ದೂರ ಎಷ್ಟಾದರೂ ಒಂದೇ ದರ. ನಾನು ಕೊನೆಯ ಸಲ ಕೊಟ್ಟದ್ದು 3.50 ಬಾರ್ಬಡೋಸ್ ಡಾಲರ್. ನಿಲ್ದಾಣದ ಫಲಕದಲ್ಲಿ ಪೇಟೆಗೆ ಹೋಗುವುದೋ ಪೇಟೆಯಿಂದ ಹೊರಗೋ ಅಂತ ಬರೆದಿರುತ್ತದೆ, ಅಷ್ಟು ಓದಿಕೊಂಡರೆ ಆಯಿತು. ಝೆಡ್ ಆರ್ ವ್ಯಾನಿನಲ್ಲಿ ಕಿವಿ ಒಡೆಯುವ ಹಾಡು, ಮೂವರ ಸೀಟಿಗೆ ನಾಲ್ವರು. ಇದು ನಮಗೆ ಹೊಸತೇನಲ್ಲ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಕೇಳಿ.

7. ಊಟದ ಬಗ್ಗೆ ಹೆದರಿಕೆ ಬೇಡ, ಪ್ರಶ್ನೆ ಬೇಕು

ಟ್ರಿನಿಡಾಡ್, ಗಯಾನಾಗಳಿಗೆ ಹೋದ ಹಾಗೆ ಭಾರತದ ಕೂಲಿಯಾಳುಗಳು ಬಾರ್ಬಡೋಸಿನ ಕಬ್ಬಿನ ತೋಟಗಳಿಗೆ ಬರಲಿಲ್ಲ. ಆದರೂ ಆ ಎರಡು ದೇಶಗಳಿಂದ ರೋಟಿ ಮಾತ್ರ ಬಂದು ಸೇರಿತು. ಆಲೂಗಡ್ಡೆ, ಕಡಲೆಕಾಳಿನ ಪಲ್ಯ ಮಡಚಿಟ್ಟ ರೋಟಿ ಸಸ್ಯಾಹಾರಿಗಳಿಗೆ ಮಧ್ಯಾಹ್ನದ ಆಸರೆ. ಕರಿದ ಬಾಳೆ, ಮ್ಯಾಕರೋನಿ ಪೈ (ಮೊಟ್ಟೆ ಹಾಕಿದ್ದೀರಾ ಅಂತ ಕೇಳಿ), ಬೆಂಕಿಯಲ್ಲಿ ಸುಟ್ಟ ಬ್ರೆಡ್‌ಫ್ರೂಟ್. ಇದು ನಮ್ಮ ದಕ್ಷಿಣ ಕನ್ನಡದ ಜೀಗುಜ್ಜೆಯೇ. ಪುತ್ತೂರಿನ ಒಂದು ಕುಟುಂಬ ಅದನ್ನು ಸಂತೆಯಲ್ಲಿ ಕಂಡು, ಅಡುಗೆಮನೆ ಇರುವ ಕೋಣೆ ಸಿಕ್ಕಿದ್ದೇ ಭಾಗ್ಯವೆಂದು ಪೋಡಿ ಕರಿದು ತಿಂದರಂತೆ. 'ರೈಸ್ ಆ್ಯಂಡ್ ಪೀಸ್' ಅಂದಾಗ ಮಾತ್ರ ಎಚ್ಚರ. ನೋಡಲು ಕಾಳಿನ ಅನ್ನ, ಬೇಯಿಸುವಾಗ ಉಪ್ಪು ಹಾಕಿದ ಹಂದಿಮಾಂಸದ ತುಂಡು ಹಾಕುವುದು ವಾಡಿಕೆ.

ಮೀನು ತಿನ್ನುವವರಿಗೆ ಇಲ್ಲಿ ಹಬ್ಬ. ಹಾರುಮೀನಿನ ಸಾರಿಗೆ ಜೊತೆಯಾಗುವ 'ಕೂಕೂ' ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯ ಲೋಳೆನೀರಲ್ಲಿ ಮರದ ಕೋಲಿನಿಂದ ತೊಳಸಿ ಮಾಡಿದ್ದು. ಮುದ್ದೆ ಉಂಡು ಬೆಳೆದವರಿಗೆ ಅದನ್ನು ಹೇಗೆ ತಿನ್ನಬೇಕೆಂದು ಹೇಳಿಕೊಡಬೇಕಾಗಿಲ್ಲ. ಮೆನುವಿನಲ್ಲಿ 'ಡಾಲ್ಫಿನ್' ಅಂತ ಕಂಡರೆ ಗಾಬರಿಯಾಗಬೇಡಿ, ಅದು ಮಾಹಿ-ಮಾಹಿ ಮೀನು. ಶುಕ್ರವಾರ ರಾತ್ರಿ ಓಯಿಸ್ಟಿನ್ಸ್ ಮೀನುಪೇಟೆಯಲ್ಲಿ ಊರೇ ಸೇರಿ ಮೀನು ಸುಡುತ್ತದೆ, ಮುದುಕರು ಜೋಡಿಯಾಗಿ ಕುಣಿಯುತ್ತಾರೆ. ನಿಮ್ಮ ನಾಲ್ಕು ದಿನದೊಳಗೆ ಶುಕ್ರವಾರ ಬರುವ ಹಾಗೆ ಟಿಕೆಟ್ ತೆಗೆಯಿರಿ.

8. ಪೆಟ್ಟಿಗೆಯಿಂದ ತೆಗೆದಿಡಬೇಕಾದದ್ದು, ಮುಟ್ಟಬಾರದ್ದು

ಸೈನಿಕರ ಉಡುಪಿನಂಥ ಚಿತ್ತಾರದ ಬಟ್ಟೆ ಬಾರ್ಬಡೋಸಿನಲ್ಲಿ ಕಾನೂನುಬಾಹಿರ, ಮಕ್ಕಳ ಟೋಪಿ ಚಡ್ಡಿ ಸಹ. ಕಡಲದಂಡೆಯ ಕೆಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಅದು ಮ್ಯಾಂಚಿನೀಲ್. ಸಣ್ಣ ಹಸಿರು ಸೇಬಿನಂಥ ಹಣ್ಣು ವಿಷ, ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮಳೆ ಬಂತೆಂದು ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಎಲ್ಲ ಮರಕ್ಕೂ ಪಟ್ಟಿ ಇರುವುದಿಲ್ಲ, ಮಕ್ಕಳಿಗೆ ಮೊದಲ ದಿನವೇ ತೋರಿಸಿ.

ರಾತ್ರಿ ಕೇಳುವ ಸಿಳ್ಳೆ ಪುಟ್ಟ ಕಪ್ಪೆಗಳದು. ಹೋಟೆಲಿಗೆ ದೂರು ಕೊಟ್ಟು ಪ್ರಯೋಜನವಿಲ್ಲ.

9. ಇನ್ನೊಂದು ದ್ವೀಪ ಸೇರಿಸಬೇಡಿ

"ಹೇಗೂ ಅಷ್ಟು ದೂರ ಹೋಗ್ತೀವಲ್ಲ, ಸೇಂಟ್ ಲೂಷಿಯಾ ಕೂಡ ಮುಗಿಸಿಬಿಡೋಣ" ಅನ್ನುವ ಫೋನು ತಪ್ಪದೆ ಬರುತ್ತದೆ. ಹಾರಾಟ ಒಂದು ಗಂಟೆಯೊಳಗಿನದೇ. ಆದರೆ ಎರಡು ಇಮಿಗ್ರೇಷನ್, ಎರಡು ಚೆಕ್-ಇನ್, ತಡವಾದ ಸಣ್ಣ ವಿಮಾನ ಎಲ್ಲ ಸೇರಿ ಒಂದು ಹಗಲು ಪೂರ್ತಿ ಹೋಗುತ್ತದೆ. ಹೋಗಿ ಬರುವ ಹೊತ್ತು ಕಳೆದರೆ ನಿಮಗಿರುವುದೇ ಎರಡೂವರೆ ಹಗಲು. ಆ ಸಮಯ ಮಿಕ್ಕಿತೆಂದುಕೊಂಡು ಕೆನ್ಸಿಂಗ್ಟನ್ ಓವಲ್‌ಗೆ ಹೋಗಿ ಕ್ರಿಕೆಟಿಗ ಸೋಬರ್ಸ್ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳಿ. ಬರುವ ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಸಾಸಿವೆ ಹಾಕಿದ ಹಳದಿ ಪೆಪ್ಪರ್ ಸಾಸ್ ಕೊಂಡುಕೊಳ್ಳಿ. ಖಾರ ತಡೆಯುತ್ತೇವೆ ಅನ್ನುವವರನ್ನೂ ಬೆವರಿಸುತ್ತದೆ. ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಸೆಕ್ಯುರಿಟಿಯವರು ಕಿತ್ತುಕೊಳ್ಳುತ್ತಾರೆ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ.