ಜಜ್ಜಿದ ಕಾರಿಗೆ ಎರಡು ಬೆಲೆ

ಗುಜರಿಗೆ ಹೋಗಬೇಕಾದ ಕಾರಿಗೆ ಎರಡು ಬೆಲೆ ಇರುತ್ತದೆ: ಆರ್‌ಸಿ ಸಮೇತ ಒಂದು, ಆರ್‌ಸಿ ಇಲ್ಲದೆ ಇನ್ನೊಂದು. ಕೆಲವು ವರ್ಷಗಳ ಹಿಂದೆ ಶಿರಾ ಹತ್ತಿರ ಲಾರಿಯೊಂದು ನನ್ನ ಕಾರನ್ನು ಡಿವೈಡರಿಗೆ ಒತ್ತಿದ ಮೇಲೆ ನನಗಿದು ಗೊತ್ತಾಯಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ಕಾರಿನ ಬಲಬದಿ ಮಾತ್ರ ಪಿಲ್ಲರ್ ಸಮೇತ ಒಳಕ್ಕೆ ಹೋಗಿತ್ತು.

ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, 6 ಲಕ್ಷ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಪಾಲಿಸಿಯ ಲೆಕ್ಕದಲ್ಲಿ ಅದು ಟೋಟಲ್ ಲಾಸ್. ಸರ್ವಿಸ್ ಸೆಂಟರಿನ ಎಸ್ಟಿಮೇಟ್ 5 ಲಕ್ಷಕ್ಕೂ ಮೇಲೆ ಬಂದಿತ್ತು. ವಿಮೆಯವರು ಎರಡು ದಾರಿ ಮುಂದಿಟ್ಟರು. ಆರ್‌ಸಿ ಸಮೇತ ಕೊಟ್ಟರೆ ಗುಜರಿ ವ್ಯಾಪಾರಿ 2.2 ಲಕ್ಷ ಕೊಡುತ್ತಾನೆ, ಉಳಿದ 3.8 ಲಕ್ಷ ವಿಮೆಯಿಂದ. ಆರ್‌ಸಿ ರದ್ದು ಮಾಡಿಸಿದರೆ ಗುಜರಿಗೆ 60 ಸಾವಿರ, ವಿಮೆಯಿಂದ 5.4 ಲಕ್ಷ. ಸಣ್ಣಪುಟ್ಟ ಕಡಿತ ಬಿಟ್ಟರೆ ಎರಡರಲ್ಲೂ ನನ್ನ ಕೈಗೆ ಬರುವುದು ಅದೇ 6 ಲಕ್ಷ. 'ಮೊದಲನೆಯದಾದರೆ ಬೇಗ ಆಗುತ್ತೆ ಸಾರ್' ಎಂದು ಅವರು ಮತ್ತೆ ಮತ್ತೆ ಹೇಳಿದ್ದೇಕೆ ಎಂದು ಲೆಕ್ಕ ಹಾಕಿ ನೋಡಿ. 1.6 ಲಕ್ಷ ಉಳಿಯುವುದು ಅವರಿಗೆ, ಮಾರಾಟವಾಗುವುದು ನನ್ನ ಹೆಸರಿನ ಕಾಗದ.

ಕಾಗದ ಅಂದರೆ ಬರೀ ಕಾಗದವಲ್ಲ. ಕಾರು ಕೊಂಡವನು ವರ್ಗಾವಣೆ ಮಾಡಿಸಿಕೊಳ್ಳದೆ ಓಡಿಸಿ ಯಾರಿಗಾದರೂ ಗುದ್ದಿದರೆ, ಪರಿಹಾರದ ಹೊಣೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಾಹನ ನಾಶವಾದರೆ ಅಥವಾ ಮತ್ತೆ ಬಳಸಲಾಗದಂತೆ ಕೆಟ್ಟರೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ನೂ ಇದೆ. ನಾನು ಎರಡನೆಯ ದಾರಿ ಹಿಡಿದೆ. ಹಣ ಬರುವುದು ತಡವಾಯಿತು, ಅಷ್ಟೇ.

ಆದರೆ ಗುಜರಿ ಮಾಲಿಗೆ 2.2 ಲಕ್ಷ ಕೊಡುವವನು ಧರ್ಮಕ್ಕೆ ಕೊಡುವುದಿಲ್ಲವಲ್ಲ. ಒಂದೋ ಆ ಚಾಸಿ ನಂಬರ್ ಯಾವುದಾದರೂ ಕಳವಿನ ಕಾರಿಗೆ ಅಂಟುತ್ತದೆ, ಇಲ್ಲವೇ ಜಜ್ಜಿದ ಕಾರೇ ಗ್ಯಾಸ್ ಕಟರ್, ವೆಲ್ಡಿಂಗ್, ಪುಟ್ಟಿ, ಪೇಂಟ್ ಕಂಡು ಮತ್ತೆ ರಸ್ತೆಗೆ ಬರುತ್ತದೆ. ತುಮಕೂರಿನಲ್ಲಿ ನನಗೆ ಪರಿಚಯದ ಟಿಂಕರಿಂಗ್ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಮಾತು ನೇರ: 'ಡೋರು, ಬಾನೆಟ್ಟು ಎಷ್ಟು ಬೇಕಾದ್ರೂ ಮಾಡಿಕೊಡ್ತೀನಿ ಸಾರ್. ಪಿಲ್ಲರ್‌ಗೆ ಮಾತ್ರ ಗ್ಯಾಸ್ ಹಿಡಿಯಲ್ಲ.'

ಅವರ ಹಟಕ್ಕೆ ಕಾರಣ ಉಕ್ಕಿನಲ್ಲಿದೆ. ಈಗಿನ ಹಲವು ಕಾರುಗಳ ಮಧ್ಯದ ಪಿಲ್ಲರಿನಲ್ಲಿ ಬೋರಾನ್ ಬೆರೆತ ಉಕ್ಕಿರುತ್ತದೆ. ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಟಕ್ಕನೆ ತಣಿಸುತ್ತಾರೆ. ಹಾಗೆ ತಣಿಸಿದ್ದರಿಂದಲೇ ಅದಕ್ಕೆ ಮಾಮೂಲಿ ತಗಡಿನ ನಾಲ್ಕೈದು ಪಟ್ಟು ಬಲ. ಬೆಂಕಿ ಹಿಡಿದು ಮತ್ತೆ ಕಾಯಿಸಿದರೆ ಬೆಸುಗೆಯ ಅಕ್ಕಪಕ್ಕ ಹದ ಇಳಿಯುತ್ತದೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ, ಪೇಂಟ್ ಫಳಫಳ ಹೊಳೆಯುತ್ತಿರುತ್ತದೆ. ಮುಂಭಾಗದ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿನ ಉಕ್ಕು ಗುದ್ದಿದಾಗ ಲೆಕ್ಕಾಚಾರದಂತೆ ಮಡಚಿಕೊಳ್ಳಬೇಕು. ಸಿಕ್ಕ ಪಟ್ಟಿ ಕೊಟ್ಟು ಬೆಸೆದು ಬಿಗಿ ಮಾಡಿದರೆ ಹೊಡೆತ ಸೀದಾ ಒಳಗೆ ಕೂತವರಿಗೆ.

ಹಾಗಂತ ವೆಲ್ಡಿಂಗನ್ನೇ ಬೈಯುವುದು ಸರಿಯಲ್ಲ. ಕಾರ್ಖಾನೆಯಲ್ಲಿ ಕಾರಿನ ಮೈ ನಿಲ್ಲುವುದೇ ಸಾವಿರಾರು ಸ್ಪಾಟ್ ವೆಲ್ಡಿಂಗ್‌ಗಳಿಂದ. ಅಮೆರಿಕದ ಟೆಕ್ಸಾಸಿನಲ್ಲಿ ಆಲಿಕಲ್ಲು ಬಿದ್ದು ಕೆಟ್ಟ ಚಾವಣಿಯನ್ನು ಒಂದು ಗ್ಯಾರೇಜು ಬೆಸುಗೆ ಹಾಕುವ ಬದಲು ಅಂಟಿನಿಂದ ಕೂರಿಸಿತ್ತು. ಅದು ಗೊತ್ತಿಲ್ಲದೆ ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ ದಂಪತಿ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. 2017ರಲ್ಲಿ ಜ್ಯೂರಿ ಆ ಗ್ಯಾರೇಜಿನ ಮೇಲೆ 3 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಹೊರಿಸಿತು. ಎಲ್ಲಿ ಕತ್ತರಿಸಬೇಕು, ಹೇಗೆ ಬೆಸೆಯಬೇಕು ಎಂದು ತಯಾರಕರ ಕೈಪಿಡಿ ಹೇಳುತ್ತದೆ. ಅದರಂತೆ ಮಾಡಲು ಅಳತೆಯ ಬೆಂಚು, ಸ್ಪಾಟ್ ವೆಲ್ಡರ್, ಹೊಸ ಏರ್‌ಬ್ಯಾಗ್, ಹೊಸ ಸೆನ್ಸರ್ ಎಲ್ಲ ಬೇಕು. 5 ಲಕ್ಷದ ಎಸ್ಟಿಮೇಟ್ ಬಂದದ್ದೇ ಇವುಗಳಿಂದ. ಅದೇ ಕೆಲಸವನ್ನು ಒಂದೂವರೆ ಲಕ್ಷದಲ್ಲಿ ಮುಗಿಸಿದ ಅಂದರೆ ಏನೇನು ಬಿಟ್ಟ ಎಂದು ಕೇಳಬೇಕು.

ಕಳೆದ ವರ್ಷ ಅಕ್ಕನ ಮಗನಿಗೆ ಕಾರು ನೋಡಲು ಹೋದಾಗ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಮಾರ್ಕೆಟ್ ಬೆಲೆಗಿಂತ 1 ಲಕ್ಷ ಕಡಿಮೆ, ಮೈಮೇಲೆ ಒಂದು ಗೀರಿಲ್ಲ. ಮೇಸ್ತ್ರಿ ಸೀದಾ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಎಳೆದರು. ಎಡಗಡೆ ಸ್ಪಾಟ್ ವೆಲ್ಡಿಂಗಿನ ದುಂಡು ಗುರುತುಗಳು ಸಾಲಾಗಿದ್ದವು. ಬಲಗಡೆ ಗುರುತೇ ಇಲ್ಲ, ಉಜ್ಜಿ ಪುಟ್ಟಿ ಮೆತ್ತಿದ ಅಂಚು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಇಲ್ಲಿ ಹತ್ತಲೇ ಇಲ್ಲ. ವಿಮೆ ಮಾತ್ರ ಚಾಲ್ತಿಯಲ್ಲಿತ್ತು, ಐಡಿವಿಯೂ ಪೂರ್ತಿ. ಅದನ್ನು ಮಾಡೆಲ್ ಮತ್ತು ವಯಸ್ಸು ನೋಡಿ ಹಾಕುತ್ತಾರೆಯೇ ಹೊರತು ಬೀಡಿಂಗ್ ಎಳೆದು ನೋಡಿ ಅಲ್ಲ.

'ಹಳೇ ಕ್ಲೇಮಿನ ವಿವರ, ಸರ್ವಿಸ್ ಸೆಂಟರಿನ ಹಿಸ್ಟರಿ ತೋರಿಸಿ' ಎಂದೆ. ದಲ್ಲಾಳಿ ಅವೆರಡನ್ನೂ ಬಿಟ್ಟು ಬೆಲೆಯನ್ನು ಇನ್ನೂ 20 ಸಾವಿರ ಇಳಿಸಿದ. ಹುಡುಗನಿಗೆ ಅಲ್ಲೂ ಸ್ವಲ್ಪ ಆಸೆಯಾಯಿತು. ಮೇಸ್ತ್ರಿಗೆ 2 ಸಾವಿರ ಕೊಟ್ಟು ಹೊರಟೆವು. ಆಮೇಲೆ ಅಷ್ಟೇ ದುಡ್ಡಿಗೆ ಸಿಕ್ಕಿದ್ದು ಎರಡು ವರ್ಷ ಹಳೆಯ ಮಾಡೆಲ್, ಬಂಪರ್ ಬದಲಾಯಿಸಿದ್ದು, ಎರಡೂ ಬಾಗಿಲಿಗೆ ಗೀರು. ಬದಲಾಯಿಸಿದ ಬಂಪರಿನ ಬಿಲ್ಲೂ ಫೈಲಿನಲ್ಲಿತ್ತು.