ನರ್ತಕಿಯ ದೇಹವೂ ಅವಳ ಜೀವನೋಪಾಯವೂ

ಶಾಲೆಯ ವಾರ್ಷಿಕೋತ್ಸವದಲ್ಲಿ ನರ್ತಿಸಿ ಮೆಚ್ಚುಗೆ ಪಡೆದ ಬಾಲಿಕೆಯರಲ್ಲಿ ಕೆಲವರು ನೃತ್ಯವನ್ನೇ ವೃತ್ತಿಯಾಗಿ ಕೈಕೊಳ್ಳಬೇಕೆಂದು ಅಪೇಕ್ಷಿಸುವುದುಂಟು. ಇದನ್ನು ಕೇಳಿದ ತಂದೆತಾಯಂದಿರಲ್ಲಿ ಕೆಲವರು ಹಿಗ್ಗುತ್ತಾರೆ, ಕೆಲವರು ಅಂಜುತ್ತಾರೆ. ಹಿಗ್ಗಾಗಲಿ ಅಂಜಿಕೆಯಾಗಲಿ ತಿಳಿವಳಿಕೆಯ ಸ್ಥಾನವನ್ನು ತುಂಬಲಾರದು. ಆದುದರಿಂದ ಈ ವೃತ್ತಿಯಲ್ಲಿ ದೇಹಕ್ಕೆ ಒದಗುವ ಅಪಾಯಗಳಾವುವು, ಜೀವನೋಪಾಯಕ್ಕೆ ಒದಗುವ ಅಪಾಯಗಳಾವುವು, ಅವುಗಳಿಗೆ ಪರಿಹಾರವೇನು ಎಂಬ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಮೊದಲನೆಯದಾಗಿ, ದೇಹ. ಯೂರೋಪಿನ ಬ್ಯಾಲೆ ನೃತ್ಯವನ್ನು ವೈದ್ಯರು ಬಹಳವಾಗಿ ಪರೀಕ್ಷಿಸಿರುವುದರಿಂದ ಅದರಿಂದಲೇ ಆರಂಭಿಸುವೆವು. 1832ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಮರೀ ಟಾಲಿಯೋನಿ ಎಂಬ ನರ್ತಕಿಯು ಕಾಲ್ಬೆರಳುಗಳ ತುದಿಯ ಮೇಲೆ ನಿಂತು ನರ್ತಿಸಿ ಜನರನ್ನು ಬೆರಗುಗೊಳಿಸಿದಳು. ಅಂದಿನಿಂದ ಆ ನಿಲುವು ಬ್ಯಾಲೆಯ ಗುರುತಾಯಿತು. ಇದಕ್ಕಾಗಿ ಧರಿಸುವ ಪಾದರಕ್ಷೆಯ ಮೊನೆಯನ್ನು ಸಾಮಾನ್ಯವಾಗಿ ಬಟ್ಟೆ, ಕಾಗದ, ಅಂಟುಗಳಿಂದ ಗಟ್ಟಿಮಾಡಿರುತ್ತಾರೆ. ಮೈಯ ಭಾರವೆಲ್ಲವೂ ಅಂಗೈಗಿಂತ ಕಿರಿದಾದ ಆ ಸ್ಥಳದ ಮೇಲೆ ಬೀಳುವುದು. ಹಿಮ್ಮಡಿಯ ಗಂಟು ಉಳುಕುವುದು, ಪಾದದ ನೀಳವಾದ ಎಲುಬುಗಳಲ್ಲಿ ಕೂದಲೆಳೆಯಂತಹ ಬಿರುಕು ಬಿಡುವುದು, ಸೊಂಟದ ಕೀಲು ಸವೆಯುವುದು, ಇವು ಆ ನರ್ತಕಿಯರಿಗೆ ಪರಿಚಿತವಾದ ಬಾಧೆಗಳು. ಬೆಳೆಯುವ ಎಲುಬು ಮೃದುವಾಗಿರುವುದರಿಂದ ವಿವೇಕಿಗಳಾದ ಶಿಕ್ಷಕರು 11 ಅಥವಾ 12 ವರ್ಷಕ್ಕೆ ಮುಂಚೆ, ಹಲವು ವರ್ಷಗಳ ಅಭ್ಯಾಸವಾಗದೆ, ಬಾಲಿಕೆಯನ್ನು ಬೆರಳ ತುದಿಯ ಮೇಲೆ ನಿಲ್ಲಿಸುವುದಿಲ್ಲ.

ನಮ್ಮ ಭರತನಾಟ್ಯದಲ್ಲಿ ಬೆರಳ ತುದಿಯ ನಿಲುವು ಮುಖ್ಯವಲ್ಲ. ಆದರೂ ಅದು ಸಂಪೂರ್ಣವಾಗಿ ನಿರಪಾಯವೆಂದು ಭಾವಿಸಬಾರದು. ಅರೆಮಂಡಿಯಲ್ಲಿ ಕುಳಿತು ಬರಿಗಾಲಿನಿಂದ ತಟ್ಟುವ ಒಂದೊಂದು ತಟ್ಟೂ ಮೊಣಕಾಲಿಗೂ ಬೆನ್ನಿಗೂ ಏರುವುದು. ಮೊಣಕಾಲು ಪಾದದ ನೇರಕ್ಕಿರದೆ ಒಳಕ್ಕೆ ವಾಲಿದರೆ ಕೀಲು ತಿರುಚುವುದು. ಕಥಕ್ ನೃತ್ಯದಲ್ಲಾದರೋ ಒಂದೊಂದು ಕಾಲಿಗೆ ನೂರು ಅಥವಾ ಅದಕ್ಕೂ ಮಿಗಿಲಾದ ಗೆಜ್ಜೆಗಳ ಭಾರವೂ ಸೇರುವುದು. ನಮ್ಮ ಸೀಮೆಯ ಮನೆಗಳ ಸಿಮೆಂಟು ನೆಲವು ಈ ಪೆಟ್ಟನ್ನು ಹೀರದೆ ಕಾಲಿಗೇ ಹಿಂದಿರುಗಿಸುವುದರಿಂದ, ಅಭ್ಯಾಸಕ್ಕೆ ಹಲಗೆಯ ನೆಲವೇ ಉತ್ತಮ.

ಇದಕ್ಕಿಂತಲೂ ಗುಪ್ತವಾದ ಅಪಾಯವೊಂದುಂಟು. ತೆಳ್ಳಗಿರಬೇಕೆಂಬ ಆಸೆಯಿಂದ ಬಾಲಿಕೆಯು ಊಟವನ್ನು ಕಡಮೆಮಾಡಿ ದುಡಿಮೆಯನ್ನು ಹೆಚ್ಚಿಸಿದರೆ, ಮುಟ್ಟು ಕ್ರಮತಪ್ಪಿ ನಿಂತುಹೋಗಬಹುದು. ಅದರೊಡನೆ ಎಲುಬಿನ ಸಾರವೂ ಕುಂದುವುದು. ದುಡಿಮೆಗೆ ಸಾಲದ ಆಹಾರದಿಂದ ಹುಟ್ಟುವ ಈ ತೊಂದರೆಗಳನ್ನು ಕುರಿತು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಎಚ್ಚರಿಕೆ ಕೊಟ್ಟರು. ತಾಯಂದಿರು ಈ ವಿಷಯವನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಎರಡನೆಯದಾಗಿ, ಜೀವನೋಪಾಯ. ಬೇರೆ ವೃತ್ತಿಗಳಲ್ಲಿ ಅನುಭವವು ಮಾಗುವ ವಯಸ್ಸಿಗೆ ಬ್ಯಾಲೆ ನರ್ತಕಿಯು ರಂಗದಿಂದ ಇಳಿಯಬೇಕಾಗುವುದು. ಅನೇಕರ ವೃತ್ತಿಯು 35ರ ಆಚೀಚೆಗೆ ಮುಗಿಯುವುದು. ಪ್ಯಾರಿಸ್ಸಿನ ಒಪೆರಾದಲ್ಲಿ ನರ್ತಕರು 42ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅಲ್ಲಿ ವಿಶ್ರಾಂತಿವೇತನವಾದರೂ ಉಂಟು. ಅದಕ್ಕೆ ಧಕ್ಕೆ ಬರುವುದೆಂದು 2019ರ ಡಿಸೆಂಬರಿನಲ್ಲಿ ಅವರು ನಾಟ್ಯಮಂದಿರದ ಹೊರಗೆ, ಮೆಟ್ಟಿಲ ಬಳಿಯಲ್ಲಿಯೇ ನರ್ತಿಸಿ ಪ್ರತಿಭಟಿಸಿದರು. ನಮ್ಮ ದೇಶದಲ್ಲಿ ತಿಂಗಳ ಸಂಬಳವಿತ್ತು ನರ್ತಕಿಯರನ್ನು ಸಾಕುವ ಮಂಡಲಿಗಳೇ ವಿರಳ. ರಂಗಪ್ರವೇಶದ ಖರ್ಚು ಹೆತ್ತವರದು. ಆ ಮೇಲೆಯೂ ಹಾಡುವವರಿಗೆ, ಮೃದಂಗದವರಿಗೆ, ಉಡುಗೆ ತೊಡುಗೆಗೆ ಅನೇಕವೇಳೆ ನರ್ತಕಿಯೇ ಹಣ ತೆರಬೇಕಾಗುವುದು. ಕಾಲು ಉಳುಕಿದ ತಿಂಗಳು ವರಮಾನವಿಲ್ಲ.

ಕಾಫಿಯ ಸೀಮೆಯವರಾದ ನಮಗೆ ಇದು ತಿಳಿಯದ ಮಾತಲ್ಲ. ಹೂಮಳೆ ತಪ್ಪಿದರೆ, ಇಲ್ಲವೆ ಧಾರಣೆ ಇಳಿದರೆ, ಕಾಫಿಯನ್ನೊಂದನ್ನೇ ನಂಬಿದ ತೋಟ ಸೊರಗುವುದು. ಆದುದರಿಂದಲೇ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ನರ್ತಕಿಗೂ ಅಂತಹದೊಂದು ಬಳ್ಳಿ ಬೇಕು.

ಅದು ಯಾವುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, 1939ರಲ್ಲಿ ಅರಮನೆಯ ಆಸ್ಥಾನ ವಿದುಷಿಯಾದರು. ಅರಸೊತ್ತಿಗೆ ಮುಗಿಯಿತು, ಅದನ್ನು ಆಶ್ರಯಿಸಿದ್ದ ಕಲಾವಿದರ ನೆಲೆ ಸಡಿಲಿತು. ಆದರೆ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯಶಿಕ್ಷಣ ಆರಂಭವಾದಾಗ, ಸುಮಾರು 59ನೆಯ ವಯಸ್ಸಿನಲ್ಲಿ, ಅವರು ಅಲ್ಲಿ ರೀಡರ್ ಆಗಿ ನೇಮಕವಾದರು. 1992ರಲ್ಲಿ ಪದ್ಮಭೂಷಣ ಗೌರವ ದೊರೆಯಿತು, 2002ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಬೆಳಗಿಸಿದುದು ಅಭಿನಯ. ಅದು ಮೊಣಕಾಲಿನೊಡನೆ ಸವೆಯದೆ ವಯಸ್ಸಿನೊಡನೆ ಮಾಗುವ ವಿದ್ಯೆ. ಅದನ್ನು ಬೋಧಿಸಲೂ ಬಲ್ಲವರಾಗಿದ್ದುದರಿಂದ ಆಶ್ರಯ ಹೋದರೂ ಅನ್ನ ಹೋಗಲಿಲ್ಲ. ಬೆಂಗಳೂರಿನವರಾದ ಮಾಯಾ ರಾವ್ (1928–2014) ಅವರು ಕಥಕ್ ಕಲಿತುದಲ್ಲದೆ ರಷ್ಯಕ್ಕೆ ಹೋಗಿ ನೃತ್ಯಸಂಯೋಜನೆಯ ಶಾಸ್ತ್ರವನ್ನು ಅಭ್ಯಸಿಸಿ, ಅನೇಕರಿಗೆ ಅದನ್ನು ಕಲಿಸಿದರು.

ಮೂರನೆಯದಾಗಿ, ಪರಿಹಾರ. ನೃತ್ಯಕ್ಕಾಗಿ ಶಾಲೆಯನ್ನು ಬಿಡಿಸಬೇಡಿರಿ. ಪದವಿಯ ವಿದ್ಯೆಯೂ ವಿದ್ವತ್ ಪರೀಕ್ಷೆಯೂ ಒಂದಕ್ಕೊಂದು ವಿರೋಧಿಗಳಲ್ಲ. ಮೈ ಕಾಯಿಸಿಕೊಳ್ಳದೆ ತಾಳ ಹಾಕಿಸುವ, ಹೊಟ್ಟೆ ತುಂಬ ಉಂಡುದಕ್ಕೆ ಗದರುವ, ನೋವೆಂದರೆ ಸೋಮಾರಿತನವೆನ್ನುವ ಗುರುವಿನ ಬಳಿಗೆ ಮಗುವನ್ನು ಕಳುಹಿಸಬೇಡಿರಿ. ವಾರಕ್ಕೆ ಒಂದು ದಿನವಾದರೂ ಕಾಲಿಗೆ ವಿಶ್ರಾಂತಿಯಿರಲಿ. ದಣಿವಿನ ನೋವು ಎರಡು ಮೂರು ದಿನಗಳಲ್ಲಿ ಇಳಿಯುವುದು. ಒಂದೇ ಎಡೆಯಲ್ಲಿ ನಿಂತು, ಬೆರಳಿನಿಂದ ಒತ್ತಿ ತೋರಿಸಬಲ್ಲ ನೋವು ಎಲುಬಿನ ಬಿರುಕಿನದಾಗಿರಬಹುದು. ಅಂತಹ ಮಗುವನ್ನು ಎಣ್ಣೆ ತಿಕ್ಕಿ ಮತ್ತೆ ಕುಣಿಯಲು ಕಳುಹಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಈಗ ತಾಯಂದಿರು. ಮಗಳು ಗೆಜ್ಜೆ ಕೇಳಿದಾಗ ಬೇಡವೆನ್ನಬೇಡಿರಿ. ಗೆಜ್ಜೆಯನ್ನೂ ಕೊಡಿಸಿರಿ, ಪುಸ್ತಕವನ್ನೂ ಕೊಡಿಸಿರಿ. ಆಗಾಗ ಅವಳ ಪಾದಗಳನ್ನು ಕೈಯಲ್ಲಿ ಹಿಡಿದು, ಎಲ್ಲಿ ನೋಯುತ್ತದೆಯೆಂದು ಕೇಳಿರಿ.