ಖಿನ್ನತೆಯ ಗುಳಿಗೆ: ಹೆಂಗ ತಗೋಬೇಕು, ಹೆಂಗ ಬಿಡಬೇಕು

ನಮ್ಮ ಊರು ದೇವಸುಗೂರು. ರಾಯಚೂರಿನಿಂದ ಉತ್ತರಕ್ಕೆ, ಕೃಷ್ಣಾ ನದಿ ದಂಡೆಯ ಊರು. ಮಗ್ಗುಲಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು. ನನಗೆ 6 ಎಕರೆ ಎರೆ ಹೊಲ. ಹತ್ತಿ, ತೊಗರಿ ಬೆಳೆಯುತ್ತೇನೆ. ಈ ಪುಟಗಳಲ್ಲಿ ನಾವೆಲ್ಲ ಬೆಳೆಯ ರೋಗದ ಬಗ್ಗೆ ಬರೆಯುತ್ತೇವೆ. ಈ ಸಲ ಬೆಳೆಗಾರನ ರೋಗದ ಬಗ್ಗೆ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಎಂಬುದಷ್ಟೇ ಉದ್ದೇಶ.

2015ರಲ್ಲಿ ನಮ್ಮ ಜಿಲ್ಲೆಯ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಬಿತ್ತು. ಕಾಯಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಒಡೆದು ನೋಡಿದರೆ ಒಳಗೆ ಹುಳ. ದೀಪಾವಳಿ ಹೊತ್ತಿಗೆ ನನ್ನ ಸ್ಥಿತಿಯೂ ಹಾಗೇ ಆಯಿತು. ರಾತ್ರಿ 3ಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಊಟ ರುಚಿಸದು. ಹೊಲಕ್ಕೆ ಹೋಗಲು ಕಾಲು ಏಳದು. ಮೊಮ್ಮಗಳು ಬಂದು ತೊಡೆ ಮೇಲೆ ಕುಂತರೂ ಸಂತೋಷ ಇಲ್ಲ. "ಸಾಲದ ಚಿಂತಿ, ತಾನಾ ಹೋಗ್ತದ" ಎಂದರು ಮನೆಯವರು. ಹೋಗಲಿಲ್ಲ.

ಮೊದಲ ತಪ್ಪು

ಸಲೈನ್ ಹಾಕಿಸಿಕೊಂಡೆ. ದೇವರಿಗೆ ಹರಕೆ ಹೊತ್ತೆ. ಕೊನೆಗೆ ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ನಿದ್ದೆ ಗುಳಿಗೆ ತಂದೆ. ನಿದ್ದೆ ಬಂತು, ಖಿನ್ನತೆ ಹೋಗಲಿಲ್ಲ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಆಲ್‌ಪ್ರಜೋಲಾಮ್, ಡಯಾಜೆಪಾಮ್‌ನಂಥ ನಿದ್ದೆ ಗುಳಿಗೆ ಅಂದೇ ಮಂಪರು ತರುತ್ತವೆ, ದಿನ ಕಳೆದಂತೆ ಚಟ ಹತ್ತಿಸುತ್ತವೆ. ಖಿನ್ನತೆಯ ಗುಳಿಗೆ ಬೇರೆ. ಅದು ನಿಶೆ ಏರಿಸುವುದಿಲ್ಲ, ನಿಧಾನವಾಗಿ ಕೆಲಸ ಮಾಡುತ್ತದೆ. ಎರಡಕ್ಕೂ ವೈದ್ಯರ ಚೀಟಿ ಬೇಕೇಬೇಕು.

2016ರ ಫೆಬ್ರುವರಿಯಲ್ಲಿ ಅಕ್ಕನ ಮಗ ನನ್ನನ್ನು ರಾಯಚೂರಿನ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದ. ಹೋಗುವಾಗ ನಾಚಿಕೆ. ಅಲ್ಲಿ ನೋಡಿದರೆ ಸಾಲಿನಲ್ಲಿ ನಮ್ಮಂಥವರೇ ಕುಂತಿದ್ದರು.

ಡಾಕ್ಟರು ಕೇಳಿದ್ದು

ಗುಳಿಗೆ ಬರೆಯುವ ಮೊದಲು ಬಹಳ ಕೇಳಿದರು. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದೆಯೇ? ಫಿಟ್ಸ್ ಬಂದದ್ದುಂಟೇ? ಬೇರೆ ಯಾವ ಔಷಧಿ ತಗೋತೀರಿ? ಕುಡಿತೀರಾ? ಸಾಯಬೇಕು ಅನ್ನಿಸಿದೆಯೇ? ಹಿಂದೆ ಎಂದಾದರೂ ನಿದ್ದೆ ಇಲ್ಲದೆಯೂ ಅತಿ ಹುರುಪು, ಅತಿ ಮಾತು, ಕೈಮೀರಿ ಖರ್ಚು ಮಾಡಿದ್ದುಂಟೇ? ಈ ಕೊನೆಯ ಪ್ರಶ್ನೆಗೆ ನಗು ಬಂತು. ಆದರೆ ಅದಕ್ಕೆ ಕಾರಣವಿದೆ. ಅಂಥ ಕಾಯಿಲೆ ಇದ್ದವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಹುರುಪು ಹುಚ್ಚಾಗಿ ತಿರುಗಬಹುದು. ಥೈರಾಯ್ಡ್ ರಕ್ತಪರೀಕ್ಷೆಯೂ ಆಯಿತು, ಅದರ ಕೊರತೆಯೂ ಖಿನ್ನತೆಯಂತೆ ಕಾಣುತ್ತದೆ. ಇಂಥಲ್ಲಿ ಸುಳ್ಳು ಹೇಳಬಾರದು. ಕುಡಿಯುವುದನ್ನು ಮುಚ್ಚಿಟ್ಟರೆ ನಷ್ಟ ನಮಗೇ.

ನನಗೆ ಬರೆದದ್ದು ಎಸ್ಸಿಟಾಲೋಪ್ರಾಮ್. ಸರ್ಟ್ರಾಲಿನ್, ಫ್ಲುಯಾಕ್ಸೆಟಿನ್ ಇದೇ ಜಾತಿಯವು. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಹಳೆಯ ಜಾತಿ. ನನ್ನ ಗುಳಿಗೆಯ ಅಳತೆ ಇಲ್ಲಿ ಬರೆಯುವುದಿಲ್ಲ. ಓದಿ ಅದನ್ನೇ ತಗೊಳ್ಳುವವರು ಇರುತ್ತಾರೆ. ಒಬ್ಬರ ಗುಳಿಗೆ ಇನ್ನೊಬ್ಬರಿಗಲ್ಲ.

ಮೊದಲ ತಿಂಗಳು

"ಇವತ್ತು ಬಿತ್ತಿ ನಾಳೆ ರಾಶಿ ಮಾಡ್ತೀರೇನ್ರಿ? ಗುಣ ಕಾಣಾಕ 2ರಿಂದ 4 ವಾರ ಬೇಕು, ಪೂರ್ತಿ ಆರಾಮ ಆಗಾಕ ಇನ್ನೂ ತಡ" ಎಂದು ಡಾಕ್ಟರು ಹೇಳಿದ್ದರು. ಮೊದಲ 10 ದಿನ ಹೊಟ್ಟೆ ತೊಳಸಿತು, ತಲೆ ನೋಯಿತು, ಕೈಕಾಲು ಚಡಪಡಿಸಿದವು. ತಿಂಡಿ ತಿಂದ ಮೇಲೆ ತಗೊಂಡಾಗ ಹೊಟ್ಟೆ ತೊಳಸುವುದು ಕಡಿಮೆಯಾಯಿತು. ಗಂಡ-ಹೆಂಡತಿ ಸಂಬಂಧದಲ್ಲಿ ಆಸೆ ಕಡಿಮೆಯಾಗುವುದೂ ಉಂಟು. ನಾಚಿಕೆಯಿಂದ ಬಾಯಿಬಿಡದೆ ಗುಳಿಗೆ ಬಿಟ್ಟುಬಿಡುವವರು ಬಹಳ. ಡಾಕ್ಟರಿಗೆ ಹೇಳಿದರೆ ಅಳತೆಯನ್ನೋ ಗುಳಿಗೆಯನ್ನೋ ಬದಲಿಸುತ್ತಾರೆ.

ಮನೆಯವರು ಕಣ್ಣಿಡಬೇಕಾದ ಕಾಲವೂ ಇದೇ. ಶುರುವಿನ ವಾರಗಳಲ್ಲಿ, ಅಳತೆ ಬದಲಿಸಿದಾಗ, ಕೆಲವರಿಗೆ, ಮುಖ್ಯವಾಗಿ 25ರ ಒಳಗಿನವರಿಗೆ, ಸಾಯುವ ವಿಚಾರ ಹೆಚ್ಚಾಗಬಹುದು. ಹಾಗಾದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ನನ್ನ ಹೆಂಡತಿ ಆ ದಿನಗಳಲ್ಲಿ ಹೊಲದ ಔಷಧಿಯನ್ನೆಲ್ಲ ಬೇರೆಯವರ ಮನೆಗೆ ಸಾಗಿಸಿ ಕೀಲಿ ಹಾಕಿಸಿದ್ದಳು. ಗುಳಿಗೆಯನ್ನೂ ತಾನೇ ದಿನಕ್ಕೆ ಒಂದರಂತೆ ಕೈಗೆ ಕೊಡುತ್ತಿದ್ದಳು. ಆಗ ಸಿಟ್ಟು ಬಂದಿತ್ತು. ಈಗ ಕೈಮುಗಿಯುತ್ತೇನೆ.

ಎರಡನೇ ತಪ್ಪು, ದೊಡ್ಡದು

ಏಪ್ರಿಲ್ ಹೊತ್ತಿಗೆ ನಿದ್ದೆ ಬಂತು, ಊಟ ರುಚಿಸಿತು. ಜೂನ್‌ನಲ್ಲಿ ಬಿತ್ತನೆಯ ಗಡಿಬಿಡಿ. "ಆರಾಮ ಆಗೀದಿ, ಇನ್ಯಾಕ ಗುಳಗಿ? ಚಟ ಹತ್ತೀತು" ಎಂದ ಪಕ್ಕದ ಹೊಲದವ. ಒಂದೇ ದಿನಕ್ಕೆ ಬಿಟ್ಟೆ. ಮೂರನೇ ದಿನ ತಲೆ ತಿರುಗಿತು. ತಲೆಯೊಳಗೆ ಕರೆಂಟ್ ಹೊಡೆದಂತೆ ಝುಂ ಅನ್ನುತ್ತಿತ್ತು. ಕೆಟ್ಟ ಕನಸು, ಸಿಡುಕು. ಇದೇ ಚಟ ಎಂದು ನಂಬಿದೆ. ಜುಲೈ ಕೊನೆಗೆ ಹಳೆಯ ಕತ್ತಲೆ ಇನ್ನೂ ಗಟ್ಟಿಯಾಗಿ ಬಂತು. ಹತ್ತಿ ಕಳೆಯಲ್ಲಿ ಮುಳುಗಿತು, ನಾನು ಹಾಸಿಗೆಯಲ್ಲಿ.

ಡಾಕ್ಟರು ಬೈಯಲಿಲ್ಲ. ವಿವರಿಸಿದರು. ಇದು ಚಟವಲ್ಲ, ದೇಹ ಹೊಂದಿಕೊಂಡ ಔಷಧಿಯನ್ನು ಒಮ್ಮೆಲೇ ಎಳೆದರೆ ಆಗುವ ತೊಂದರೆ. ಬಿಡುವುದಿದ್ದರೆ ಹಂತ ಹಂತವಾಗಿ ಕಡಿಮೆ ಮಾಡಬೇಕು. ಪೂರ್ತಿ ಆರಾಮಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಬೇಕು. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಮತ್ತೆ ಶುರುಮಾಡಿದೆ. 2017ರಲ್ಲಿ ಅವರ ಲೆಕ್ಕದಂತೆ 2 ತಿಂಗಳಲ್ಲಿ ಇಳಿಸುತ್ತ ಬಿಟ್ಟೆ. ಈ ಸಲ ಏನೂ ಆಗಲಿಲ್ಲ.

ನಮ್ಮ ಕಸುಬಿನವರು ನೆನಪಿಡಬೇಕಾದ್ದು

* ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬಾರದು. ಮಾಮೂಲಿನ ಒಂದೇ ಸಾಕು.

* ಸೊಂಟ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು ನಮಗೆ ರೂಢಿ. ಎಸ್ಸಿಟಾಲೋಪ್ರಾಮ್ ಜಾತಿಯ ಗುಳಿಗೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಮಲ ಕಪ್ಪಾದರೆ ಕೂಡಲೇ ತೋರಿಸಿ. ಟ್ರಮಡಾಲ್ ಇರುವ ನೋವಿನ ಗುಳಿಗೆಯಂತೂ ಡಾಕ್ಟರಿಗೆ ಕೇಳದೆ ಬೇಡ.

* ಎರಡು ಔಷಧಿ ಕೂಡಿ ಹೆಚ್ಚುಕಮ್ಮಿಯಾದರೆ ನಡುಕ, ಬೆವರು, ಜ್ವರ, ಭೇದಿ, ಗಾಬರಿ ಬರಬಹುದು. ಕೀಟನಾಶಕ ಹೊಡೆದು ವಿಷವೇರಿದಾಗಲೂ ಬೆವರು, ನಡುಕ, ಭೇದಿ ಬರುತ್ತವೆ. ಆದ್ದರಿಂದ ಆಸ್ಪತ್ರೆಗೆ ಹೋದಾಗ ಎರಡನ್ನೂ ಹೇಳಿ: ಯಾವ ಗುಳಿಗೆ ತಗೋತೀರಿ, ಹೊಲದಲ್ಲಿ ಏನು ಹೊಡೆದಿರಿ. ಗುಳಿಗೆಯ ಹಾಳೆ, ಔಷಧಿ ಡಬ್ಬಿಯ ಚೀಟಿ ಜೊತೆಗೊಯ್ಯಿರಿ.

* ಶರಾಬು, ಸೇಂದಿ ಬೇಡ. ನಮ್ಮ ಸೀಮೆಯ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಬೆರೆಸುವುದು ಎಲ್ಲರಿಗೂ ಗೊತ್ತು. ಅದೂ ಮಂಪರಿನ ಔಷಧಿಯೇ. ಗುಳಿಗೆಯೊಂದಿಗೆ ಸೇರಿದರೆ ಜೀವಕ್ಕೇ ಅಪಾಯ.

* ಅಮಿಟ್ರಿಪ್ಟಿಲಿನ್‌ನಂಥವು ಮಂಪರು ತರುತ್ತವೆ, ಬಾಯಿ ಒಣಗಿಸುತ್ತವೆ, ಬೆವರು ಕಡಿಮೆ ಮಾಡುತ್ತವೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಎಚ್ಚರ. ಯಾವ ಗುಳಿಗೆಯಾದರೂ ಮೈಗೆ ಹೊಂದುವ ತನಕ ಟ್ರ್ಯಾಕ್ಟರ್, ರಾಶಿ ಯಂತ್ರದಿಂದ ದೂರ ಇರಿ.

* ವಯಸ್ಸಾದವರಿಗೆ, ಅದರಲ್ಲೂ ಬಿಪಿಗೆ ನೀರಿಳಿಸುವ ಗುಳಿಗೆ ತಗೊಳ್ಳುವವರಿಗೆ, ರಕ್ತದ ಸೋಡಿಯಂ ಇಳಿಯಬಹುದು. ತಲೆನೋವು, ತಪ್ಪು ಮಾತು, ನಡಿಗೆ ತಪ್ಪುವುದು ಕಂಡರೆ ರಕ್ತ ಪರೀಕ್ಷಿಸಿರಿ.

* ಬಸುರಿಯಾದರೆ ಹೆದರಿ ತಾವಾಗಿ ಬಿಡಬಾರದು. ಡಾಕ್ಟರನ್ನು ಕೇಳಿ.

* ಗುಳಿಗೆ ಮಕ್ಕಳ ಕೈಗೆ ಸಿಗದಂತೆ ಕೀಲಿಯಲ್ಲಿಡಿ.

ಎಲ್ಲಿ ಹೋಗಬೇಕು

ಹಳ್ಳಿಗೆ ಮನೋರೋಗ ಚಿಕಿತ್ಸೆ ತರುವ ದಾರಿ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಯೋಜನೆಯೂ ರಾಜ್ಯದಲ್ಲಿ ಬಂದಿದೆ. ದೇವದುರ್ಗ, ಮಾನ್ವಿ ಕಡೆಯವರು ರಾಯಚೂರಿಗೆ ಹೊರಡುವ ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಹೊತ್ತು ಮನಸ್ಸು ಕೈಬಿಟ್ಟರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಇದು. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಗುಳಿಗೆ ನನ್ನ ಸಾಲ ತೀರಿಸಲಿಲ್ಲ. ಆದರೆ ಬ್ಯಾಂಕಿಗೆ ಹೋಗಿ ಕುಂತು ಮಾತಾಡುವ ತ್ರಾಣ ಕೊಟ್ಟಿತು. ಅದರಿಂದ ಕಂತು ಮುಂದಕ್ಕೆ ಹೋಯಿತು. ಮರುವರ್ಷ ಹತ್ತಿ ಕಡಿಮೆ ಮಾಡಿ ತೊಗರಿ ಹೆಚ್ಚಿಸಿದೆ. ಆರಾಮಾದಾಗ ಗುಳಿಗೆ ಬಿಡಬೇಕು ಅನ್ನಿಸುತ್ತದಲ್ಲ, ಅದು ಕಾಳು ಕಟ್ಟುವ ಹೊತ್ತಿಗೆ ಬೆಳೆಗೆ ನೀರು ನಿಲ್ಲಿಸಿದಂತೆ. ಡಾಕ್ಟರು ಹೇಳುವ ತನಕ ತಡೀರಿ.